ಕಳಿತ ಬಾಳೆಹಣ್ಣಿನ ಓಟ್ಸ್ ಬಾರ್: ನಡುಭಾಗ ಹಸಿಯಾಗಿ ಉಳಿಯುವುದೇಕೆ?

ಪ್ರಶ್ನೆ (ಶಿರಸಿಯಿಂದ):
ನಮ್ಮ ತೋಟದ ಏಲಕ್ಕಿ ಬಾಳೆಯ ಗೊನೆಯೊಂದು ಒಮ್ಮೆಲೇ ಹಣ್ಣಾಗಿ, ಸಿಪ್ಪೆ ಕಪ್ಪಾಗುವ ಹೊತ್ತಿಗೂ ಅರ್ಧದಷ್ಟು ಉಳಿದಿತ್ತು. ಬನ್ಸ್ ಮಾಡಿ ಸಾಕಾದ ಮೇಲೆ, ಹಣ್ಣನ್ನು ಕಿವುಚಿ, ಓಟ್ಸ್ ಹಾಗೂ ಧಾರಾಳವಾಗಿ ಜೋನಿಬೆಲ್ಲ ಸೇರಿಸಿ, ಓವನ್ನಿನಲ್ಲಿ 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 25 ನಿಮಿಷ ಬೇಯಿಸಿದೆ. ಅಂಚು ಕೆಂಪಾದರೂ ನಡುಭಾಗ ಅಂಟಾಗಿಯೇ ಉಳಿದು, ಕತ್ತರಿಸುವಾಗ ಮುದ್ದೆಯಾಯಿತು. ತಪ್ಪು ಎಲ್ಲಿ ಆಗಿರಬಹುದು?

ಉತ್ತರ (ಕುಮಟಾದಿಂದ):
ಬಾಳೆಹಣ್ಣು ಕಳಿಯುತ್ತ ಹೋದಂತೆ ಅದರ ಪಿಷ್ಟವು ಸಕ್ಕರೆಯಾಗಿ ಮಾರ್ಪಟ್ಟು ತಿರುಳು ಮೆತ್ತಗಾಗುತ್ತದೆ. ಅದರ ಮೇಲೆ ನೀರಾದ ಜೋನಿಬೆಲ್ಲವನ್ನೂ ಸುರಿದರೆ ಓಟ್ಸ್ ಅಷ್ಟನ್ನೂ ಹೀರಿಕೊಳ್ಳಲಾರದು. ಎರಡು ಕಪ್ ಓಟ್ಸಿಗೆ ಒಂದು ಕಪ್ ಕಿವುಚಿದ ಹಣ್ಣು ಸಾಕು. ಬೆಲ್ಲ ಎರಡು ಚಮಚ ಮೀರದಿರಲಿ. ನನ್ನನ್ನು ಕೇಳಿದರೆ ಅದೂ ಬೇಡ. ಮಿಶ್ರಣವನ್ನು 15 ನಿಮಿಷ ನೆನೆಯಲು ಬಿಟ್ಟು, ಎರಡು ಸೆಂಟಿಮೀಟರಿಗಿಂತ ದಪ್ಪವಾಗದಂತೆ ತಟ್ಟೆಯಲ್ಲಿ ಒತ್ತಿ ಹರಡಿ.

ಉತ್ತರ (ಕಾರವಾರದಿಂದ):
ಬಿಸಿಯಿರುವಾಗಲೇ ಕತ್ತರಿಸಿದಿರೆಂದು ತೋರುತ್ತದೆ. ಪೂರ್ತಿ ತಣಿದ ಮೇಲಷ್ಟೇ ಅದು ಗಟ್ಟಿಯಾಗುತ್ತದೆ. ಮಳೆಗಾಲದ ತೇವದಲ್ಲಿ ಹೊರಗಿಟ್ಟರೆ ಬೇಗ ಬೂಸ್ಟು ಹಿಡಿಯುವುದರಿಂದ ಫ್ರಿಜ್ಜಿನಲ್ಲಿಡಿ. ಹುಳಿವಾಸನೆ ಬಂದ ಹಣ್ಣನ್ನು ಮಾತ್ರ ಬಳಸಲೇಬೇಡಿ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಧನ್ಯವಾದಗಳು. ಬೆಲ್ಲವನ್ನು ಕೈಬಿಟ್ಟು, ಬದಲಿಗೆ ಮನೆಯಲ್ಲಿದ್ದ ಸುಕೇಳಿಯನ್ನು (ಒಣಗಿಸಿದ ಬಾಳೆಹಣ್ಣು) ಸಣ್ಣಗೆ ಹೆಚ್ಚಿ ಸೇರಿಸಿದೆ. ಈ ಬಾರಿ ಚೌಕಗಳು ಅಂದವಾಗಿ ಬಂದವು.