ಈಸ್ಟ್ ಇಂಡಿಯನ್ ರೈಲ್ವೆ ಸರ್ಕಾರದ ಕೈಗೆ ಬಂದಿದ್ದು 1880ರಲ್ಲಾ, 1925ರಲ್ಲಾ?

ಯಶವಂತಪುರದ_ಹುಡುಗ:
ಎಲ್ರಿಗೂ ನಮಸ್ಕಾರ, ಕೆಎಎಸ್‌ಗೆ ಓದ್ತಾ ಇದೀನಿ. ಒಂದು ನೋಟ್ಸಲ್ಲಿ 1880 ಅಂತಿದೆ, ಇನ್ನೊಂದ್ರಲ್ಲಿ 1925 ಅಂತಿದೆ, ಯಾವ್ದನ್ನ ನಂಬ್ಲಿ? ಹಂಗೇ ನಮ್ ಬೆಂಗಳೂರು-ಮೈಸೂರು ಲೈನು ಆಗ ಖಾಸಗಿ ರೈಲ್ವೆ ಕಂಪನಿದಾ, ಮಹಾರಾಜರದ್ದಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಹಳಿ_ಹುಚ್ಚ:
ಎರಡೂ ಸರಿನೇ ಗುರು. 1880ರಲ್ಲಿ ಸರ್ಕಾರ ಲೈನನ್ನ ಕೊಂಡ್ಕೊಳ್ತು, ಆದ್ರೆ ಓಡ್ಸೋ ಕೆಲ್ಸ ಕಂಪನಿ ಕೈಲೇ ಬಿಡ್ತು. ಬಾಂಬೆ ಕಡೆ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆದೂ ಇದೇ ಕಥೆ, ಕೊಂಡಿದ್ದು 1900ರಲ್ಲಿ. ಅದಕ್ಕೂ ಮುಂಚೆ ಲಂಡನ್ನಲ್ಲಿ ಷೇರು ತಗೊಂಡೋರಿಗೆ ವರ್ಷಕ್ಕೆ 5% ಬಡ್ಡಿಗೆ ಸರ್ಕಾರದ ಗ್ಯಾರಂಟಿ ಬೇರೆ, ಲಾಭ ಸಾಲ್ದೇ ಇದ್ರೆ ಇಲ್ಲಿನ ರೈತರು ಕಟ್ಟಿದ ಕಂದಾಯದಿಂದ ತುಂಬಿಕೊಡೋದು, ಇದನ್ನ ಓದ್ದಾಗೆಲ್ಲ ಮೈ ಉರಿಯತ್ತೆ ನಂಗೆ. ಸಾಮಾನು ಬಂದರಿಗೆ ಸಾಗ್ಸೋಕೆ ರೇಟು ಕಮ್ಮಿ, ಒಳನಾಡಲ್ಲಿ ಊರಿಂದ ಊರಿಗೆ ಜಾಸ್ತಿ, ಮೇಲಿನ ಹುದ್ದೆ ನಮ್ಮೋರಿಗೆ ಸಿಗ್ತಿರ್ಲಿಲ್ಲ. ರೈಲ್ವೆ ವಿಚಾರ ನೋಡೋಕೆ ಕೂತ 1920-21ರ ಆಕ್ವರ್ತ್ ಸಮಿತಿ ಸರ್ಕಾರವೇ ನಡೆಸ್ಲಿ ಅಂತು, 1923ರಲ್ಲಿ ಕೇಂದ್ರ ಅಸೆಂಬ್ಲಿಲೂ ನಿರ್ಣಯ ಆಯ್ತು. 1925 ಜನವರಿ 1ಕ್ಕೆ ಈಸ್ಟ್ ಇಂಡಿಯನ್, ಜುಲೈ 1ಕ್ಕೆ ಜಿಐಪಿ ಸರ್ಕಾರದ ಆಡಳಿತಕ್ಕೆ ಬಂದ್ವು. ಪರೀಕ್ಷೇಲಿ ‘ಮಾಲೀಕತ್ವ’ ಅಂತ ಕೇಳಿದ್ರಾ ‘ಆಡಳಿತ’ ಅಂತ ಕೇಳಿದ್ರಾ ನೋಡ್ಕೊಂಡು ಬರಿ.

ಮಲ್ಲೇಶ್ವರದ_ಅಜ್ಜಿಮನೆ:
ಮೈಸೂರು ಲೈನ್ ಬಗ್ಗೆ ನಾನ್ ಹೇಳ್ತೀನಿ. ಅದು ಸಂಸ್ಥಾನದ ದುಡ್ಡಲ್ಲೇ ಕಟ್ಟಿದ್ದು. ಧಾತು-ಈಶ್ವರ ಸಂವತ್ಸರದ ಬರದಲ್ಲಿ (1876-78) ಜನ ಅನ್ನ ಇಲ್ದೆ ಸಾಯ್ತಿದ್ರಲ್ಲ, ಅವ್ರಿಗೆ ಕೂಲಿ ಸಿಗ್ಲಿ ಅಂತ ಮಣ್ಣಿನ ಕೆಲ್ಸ ಶುರು ಮಾಡಿದ್ರು, ಬುಟ್ಟೀಲಿ ಹೊತ್ತು ಹಾಕಿದ ಮಣ್ಣಿನ ಏರಿ ಮೇಲೇ ಹಳಿ ಬಂದಿದ್ದು. 1882ಕ್ಕೆ ಮೈಸೂರು ಮುಟ್ತು. ಆಮೇಲೆ ಹರಿಹರದ ತನಕ ಎಳೆಯೋಕೆ ದುಡ್ಡಿಲ್ಲ, 1886ರಲ್ಲಿ ಸದರನ್ ಮರಾಠಾ ಕಂಪನಿಗೆ ಒಪ್ಪಿಸಿದ್ರು. ವಾಪಸ್ ತಗೊಂಡು ಸಂಸ್ಥಾನವೇ ಓಡ್ಸೋಕೆ ಶುರು ಮಾಡಿದ್ದು 1919ರಲ್ಲಿ, ಅಂದ್ರೆ ಬ್ರಿಟಿಷ್ ಸರ್ಕಾರ ಈಸ್ಟ್ ಇಂಡಿಯನ್, ಜಿಐಪಿ ಆಡಳಿತ ಕೈಗೆ ತಗೊಳ್ಳೋಕಿಂತ ಐದಾರು ವರ್ಷ ಮುಂಚೆ! ಇದನ್ನ ಯಾವ ಗೈಡಲ್ಲೂ ದಪ್ಪ ಅಕ್ಷರದಲ್ಲಿ ಹಾಕಲ್ಲ, ನಮ್ ಮಕ್ಳಿಗೆ ಗೊತ್ತಾಗ್ಬೇಕಾದ ವಿಷ್ಯ ಇದು.

ಯಶವಂತಪುರದ_ಹುಡುಗ:
ಥ್ಯಾಂಕ್ಯೂ ಮೇಡಂ, ಥ್ಯಾಂಕ್ಯೂ ಗುರು. ಹಂಗಾದ್ರೆ ಕಂಟೋನ್ಮೆಂಟಿಗೆ ಬರೋ ಮದ್ರಾಸ್ ಲೈನು?

ಹಳಿ_ಹುಚ್ಚ:
ಅದು ಬೇರೆ. 1864ರಲ್ಲಿ ಜೋಲಾರಪೇಟೆಯಿಂದ ಮದ್ರಾಸ್ ರೈಲ್ವೆ ಕಂಪನಿ ಹಾಕಿದ ಬ್ರಾಡ್‌ಗೇಜ್, ಅಂದ್ರೆ ಅಗಲ ಹಳಿ. ಮೈಸೂರಿಂದು ಮೀಟರ್‌ಗೇಜ್, ಕಿರಿದಾದ ಹಳಿ, ಹಂಗಾಗಿ ಬೆಂಗಳೂರಲ್ಲಿ ಮೂಟೆಗಳನ್ನ ಒಂದು ವ್ಯಾಗನ್ನಿಂದ ಇಳಿಸಿ ಇನ್ನೊಂದಕ್ಕೆ ಹೇರ್ಬೇಕಿತ್ತು. 1908ರಲ್ಲಿ ಮದ್ರಾಸ್ ಕಂಪನಿ, ಸದರನ್ ಮರಾಠಾ ಎರಡೂ ಸೇರಿ ಎಂಎಸ್‌ಎಂ (ಮದ್ರಾಸ್ ಅಂಡ್ ಸದರನ್ ಮರಾಠಾ) ಆಯ್ತು, ಅದು ಸರ್ಕಾರದ ಆಡಳಿತಕ್ಕೆ ಬಂದಿದ್ದು 1944ರಲ್ಲಿ. 1951ರಲ್ಲಿ ಮೈಸೂರು ರೈಲ್ವೆನೂ ಸೇರ್ಕೊಂಡು ದಕ್ಷಿಣ ರೈಲ್ವೆ ಆಯ್ತು.