ಒಂದು ದೇಶದ ಟ್ರೇಡ್ ಪಾಲಿಸಿ ನಿಜವಾಗ್ಲೂ ಯಾರ ಕೈಲಿರತ್ತೆ?

ಪ್ರಶ್ನೆ:
ಸುಂಕ ಏರಿಸಿದ್ರು, ಇಳಿಸಿದ್ರು, ರಫ್ತು ನಿಲ್ಲಿಸಿದ್ರು ಅಂತ ನ್ಯೂಸ್ ಬರ್ತಾನೇ ಇರತ್ತೆ. ಇದನ್ನೆಲ್ಲ ತೀರ್ಮಾನ ಮಾಡೋದ್ಯಾರು, ವಾಣಿಜ್ಯ ಸಚಿವಾಲಯನಾ, ಹಣಕಾಸು ಸಚಿವಾಲಯನಾ, ಪಾರ್ಲಿಮೆಂಟಾ? ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಬೇಡ ಅಂದ್ರೆ ದೇಶಗಳು ಕೇಳಲೇಬೇಕಾ? ಗೊತ್ತಿರೋರು ಬಿಡಿಸಿ ಹೇಳಿ.

ಉತ್ತರ 1:
ಎಲ್ಲಾನೂ ನೋಡ್ಕೊಳ್ಳೋ ಒಂದೇ ಆಫೀಸು ಅಂತ ಹುಡುಕಿದ್ರೆ ಸಿಗಲ್ಲ. ಭಾರತದ್ದೇ ತಗೊಳ್ಳಿ, ಯಾವುದನ್ನ ತರಬಹುದು ಕಳಿಸಬಹುದು ಅನ್ನೋ ನೀತಿ ವಾಣಿಜ್ಯ ಸಚಿವಾಲಯದ ಡಿಜಿಎಫ್‌ಟಿ (ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ) ಕಡೆಯಿಂದ ಬರತ್ತೆ, ಅದಕ್ಕೆ 1992ರ ವಿದೇಶಿ ವ್ಯಾಪಾರ ಕಾಯ್ದೆ ಆಧಾರ. ಸುಂಕದ ಅಧಿಸೂಚನೆ ಹೊರಡಿಸೋದು ಮಾತ್ರ ಹಣಕಾಸು ಸಚಿವಾಲಯ. ಆ್ಯಂಟಿ ಡಂಪಿಂಗ್ ಕೇಸಲ್ಲಿ ಇದು ಚೆನ್ನಾಗಿ ಕಾಣತ್ತೆ: ಹೊರಗಿನವರು ತೀರಾ ಕಮ್ಮಿ ರೇಟಿಗೆ ಮಾಲು ಸುರೀತಿದಾರೆ ಅಂತ ಇಲ್ಲಿನ ಕಂಪನಿಗಳು ದೂರು ಕೊಟ್ರೆ ವಾಣಿಜ್ಯ ಸಚಿವಾಲಯದ ಡಿಜಿಟಿಆರ್ ಅನ್ನೋ ಇನ್ನೊಂದು ವಿಭಾಗ ತನಿಖೆ ಮಾಡಿ ಇಷ್ಟು ಸುಂಕ ಹಾಕಿ ಅಂತ ಶಿಫಾರಸು ಮಾಡತ್ತೆ, ಹಾಕೋದಾ ಬಿಡೋದಾ ಅನ್ನೋದು ಹಣಕಾಸಿನವರಿಗೆ ಬಿಟ್ಟಿದ್ದು, ಬೇಡ ಅಂತ ಬಿಟ್ಟಿರೋದೂ ಉಂಟು. ಹಾಗಾಗಿ ಯಾವ ಸಚಿವಾಲಯ ಅನ್ನೋದಕ್ಕಿಂತ ಯಾವ ಕೆಲಸ ಅಂತ ಕೇಳಿ, ಆಗ ಉತ್ತರ ಸಿಗತ್ತೆ.

ಉತ್ತರ 2:
ಪಾರ್ಲಿಮೆಂಟ್ ವಿಷಯಕ್ಕೆ ಅಮೆರಿಕ ನೋಡಿ. ಅಲ್ಲಿ ಸಂವಿಧಾನದ ಪ್ರಕಾರ ಸುಂಕ ಹಾಕೋ ಅಧಿಕಾರ ಕಾಂಗ್ರೆಸ್ಸಿಂದು, ಅಂದ್ರೆ ಅಲ್ಲಿನ ಪಾರ್ಲಿಮೆಂಟಿಂದು. 1930ರ ಸ್ಮೂಟ್ ಹಾಲಿ ಕಾಯ್ದೆ ಟೈಮಲ್ಲಿ ಸದಸ್ಯರೇ ಕೂತು ಒಂದೊಂದು ಸಾಮಾನಿಗೂ ಸುಂಕ ಏರಿಸಿದ್ರು, ಬೇರೆ ದೇಶಗಳೂ ತಿರುಗಿ ಏರಿಸಿ ವ್ಯಾಪಾರ ಇನ್ನಷ್ಟು ಕುಸೀತು, ಆಮೇಲೆ 1934ರಲ್ಲಿ ಒಪ್ಪಂದ ಮಾಡ್ಕೊಂಡು ಸುಂಕ ಇಳಿಸೋ ಅಧಿಕಾರ ಅಧ್ಯಕ್ಷರಿಗೆ ಕೊಟ್ರು. ಇಳಿಸೋಕೆ ಅಂತ ಶುರುವಾಗಿದ್ದು ಏರಿಸೋವರೆಗೂ ಬಂತು: 1962ರ ಕಾಯ್ದೆಯಲ್ಲಿ ರಾಷ್ಟ್ರೀಯ ಭದ್ರತೆ ಅನ್ನೋ ಕಲಂ ಇದೆ, ಅದನ್ನೇ ಹಿಡ್ಕೊಂಡು 2018ರಲ್ಲಿ ಅಧ್ಯಕ್ಷರು ಉಕ್ಕಿಗೆ 25%, ಅಲ್ಯೂಮಿನಿಯಂಗೆ 10% ಹಾಕಿದ್ರು, ಕಾಂಗ್ರೆಸ್ಸಲ್ಲಿ ವೋಟೇ ಆಗಲಿಲ್ಲ. ನನಗೆ ಇದು ಸರಿ ಕಾಣಲ್ಲ. ಸುಂಕನೂ ತೆರಿಗೆನೇ ತಾನೇ, ಜನಪ್ರತಿನಿಧಿಗಳು ಚರ್ಚೆನೇ ಮಾಡದೆ ತೆರಿಗೆ ಬರೋದು ಅಂದ್ರೆ ಹೇಗೆ?

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್, ಇದು ಗೊತ್ತಿರಲಿಲ್ಲ. ಡಬ್ಲ್ಯುಟಿಒ?

ಉತ್ತರ 3:
ಅದಕ್ಕೆ ಮುಂಚೆ ಒಂದು ಮಾತು, ಯುರೋಪಿಯನ್ ಯೂನಿಯನ್ ದೇಶಗಳಿಗೆ ಈ ಅಧಿಕಾರ ತಮ್ಮ ಕೈಲೇ ಇಲ್ಲ, ಎಲ್ಲರ ಪರವಾಗಿ ಯುರೋಪಿಯನ್ ಕಮಿಷನ್ನೇ ಮಾತುಕತೆ ನಡೆಸತ್ತೆ.

ಡಬ್ಲ್ಯುಟಿಒ 1995ರಲ್ಲಿ ಶುರುವಾಗಿದ್ದು, ಜಿನೀವಾದಲ್ಲಿದೆ. ಅದು ಯಾರ ಪಾಲಿಸಿನೂ ಬರೆಯಲ್ಲ. ಈ ಸಾಮಾನಿಗೆ ಇಷ್ಟಕ್ಕಿಂತ ಜಾಸ್ತಿ ಸುಂಕ ಹಾಕಲ್ಲ ಅಂತ ಪ್ರತಿ ದೇಶನೂ ಮಾತು ಕೊಟ್ಟಿರತ್ತೆ, ಅದನ್ನ ಮೀರಿದ್ರೆ ಇನ್ನೊಂದು ದೇಶ ಕೇಸ್ ಹಾಕಬಹುದು. ಕೇಸಲ್ಲಿ ಸೋತೋರಿಗೆ ದಂಡ ಇಲ್ಲ. ತಪ್ಪು ತಿದ್ದಿಕೊಳ್ಳಲಿಲ್ಲ ಅಂದ್ರೆ, ಅವರ ಮಾಲಿನ ಮೇಲೆ ನೀವೂ ಇಷ್ಟು ಸುಂಕ ಹಾಕಿ ಅಂತ ಗೆದ್ದೋರಿಗೆ ಅನುಮತಿ ಸಿಗತ್ತೆ, ಸಣ್ಣ ದೇಶ ದೊಡ್ಡ ದೇಶದ ಮೇಲೆ ಹಂಗೆ ಸುಂಕ ಹಾಕಿದ್ರೆ ಪೆಟ್ಟು ತನಗೇ ಜಾಸ್ತಿ. ಈಗಂತೂ ಮೇಲ್ಮನವಿ ಕೇಳೋ ಪೀಠನೇ 2019ರ ಡಿಸೆಂಬರಿಂದ ಕೆಲಸ ಮಾಡ್ತಿಲ್ಲ, ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಒಪ್ಪಲಿಲ್ಲ. ಹಾಗಾಗಿ ಕೇಸಲ್ಲಿ ಸೋತ ದೇಶ ಮೇಲ್ಮನವಿ ಹಾಕಿಬಿಟ್ರೆ ತೀರ್ಪು ಅಲ್ಲೇ ನಿಂತುಬಿಡತ್ತೆ.