ಮಕ್ಕಳ ಕೇಸಿಗೆ ಸ್ಟೇಷನ್‌ನಲ್ಲಿ ಪುರುಸೊತ್ತು ಯಾರಿಗಿದೆ?

ಪ್ರಶ್ನೆ (ನಮ್ಮ ಗುಂಪಿನ ಸದಸ್ಯರು, ಕಾಸರಗೋಡಿನ ಬದಿಯಡ್ಕ ಕಡೆಯವರು): ಸರ್, ನನ್ನ ಅಕ್ಕನ ಮಗನಿಗೆ 16 ವರ್ಷ. ಗೆಳೆಯನ ಜೊತೆ ಯಾರದ್ದೋ ಸ್ಕೂಟರ್ ಎತ್ತಿಕೊಂಡು ಹೋಗಿ ಸಿಕ್ಕಿಬಿದ್ದ. ಮನೆಗೇನೋ ಕಳಿಸಿದ್ದಾರೆ. ಆದರೆ ಹೋದಾಗಲೆಲ್ಲ "ವರದಿ ಬರೆಯುವವರು ಬಂದೋಬಸ್ತಿಗೆ ಹೋಗಿದ್ದಾರೆ, ಆಮೇಲೆ ಬನ್ನಿ" ಅನ್ನುತ್ತಾರೆ. ಎಫ್‌ಐಆರ್ ಆಗುತ್ತದಾ? ಮಕ್ಕಳ ಕೇಸಿಗೆ ಬೇರೆ ಆಳೇ ಇಲ್ವಾ?

ಉತ್ತರ (ನಿವೃತ್ತ ಎಎಸ್‌ಐ, ಅಂದರೆ ಸಹಾಯಕ ಸಬ್ ಇನ್ಸ್‌ಪೆಕ್ಟರ್): ಸಾದಾ ಕಳವಿಗೆ ಹೆಚ್ಚೆಂದರೆ 3 ವರ್ಷ ಶಿಕ್ಷೆ. ಬಾಲ ನ್ಯಾಯ ಕಾಯ್ದೆಯ ಲೆಕ್ಕದಲ್ಲಿ ಅದು ಸಣ್ಣ ಅಪರಾಧ. 2016ರ ಮಾದರಿ ನಿಯಮಗಳಂತೆ ಇದಕ್ಕೆ ಎಫ್‌ಐಆರ್ ಇಲ್ಲ. ಸ್ಟೇಷನ್ ಡೈರಿಯಲ್ಲಿ ಬರೆದು, ಹುಡುಗನ ಸಾಮಾಜಿಕ ಹಿನ್ನೆಲೆ ವರದಿಯನ್ನು ಮಕ್ಕಳ ಕೇಸು ವಿಚಾರಿಸುವ ಬಾಲ ನ್ಯಾಯ ಮಂಡಳಿಗೆ ಕಳಿಸಬೇಕು. ಆ ಗೆಳೆಯನಿಗೆ 18 ತುಂಬಿದ್ದರೆ ಮಾತ್ರ ಕಥೆ ಬೇರೆ. ಆಗ ಎಫ್‌ಐಆರ್ ಆಗುತ್ತದೆ.

ಇನ್ನು ಆಳಿನ ವಿಷಯ. ಕಾಯ್ದೆಯ 107ನೇ ಸೆಕ್ಷನ್‌ನಂತೆ ಪ್ರತಿ ಸ್ಟೇಷನ್‌ನಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಒಬ್ಬರಿರಬೇಕು, ಎಎಸ್‌ಐ ಅಥವಾ ಮೇಲಿನವರು. ಮಕ್ಕಳ ಕೆಲಸಕ್ಕೆಂದೇ ಇರಬೇಕು ಅಂತ ಬರೆದಿದೆ. ನಡೆಯುವುದೇ ಬೇರೆ. ಇದ್ದವರಲ್ಲೇ ಒಬ್ಬರ ಹೆಸರು ಬರೆದುಬಿಡುತ್ತಾರೆ. ಅದೇ ಮನುಷ್ಯ ಬೆಳಿಗ್ಗೆ ಅಪಘಾತದ ಮಹಜರು, ಮಧ್ಯಾಹ್ನ ಕೋರ್ಟು, ರಾತ್ರಿ ಜಾತ್ರೆಯೋ ಉರೂಸೋ. ಮಂತ್ರಿ ಬಂದರಂತೂ ಮುಗಿಯಿತು. ಶಾಲಾ ಮಕ್ಕಳಿಗೆ ತರಬೇತಿ ಕೊಡಲು ಕೇರಳ ಪೊಲೀಸ್ 2010ರಲ್ಲಿ ಶುರುಮಾಡಿದ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಒಳ್ಳೆಯ ಯೋಜನೆಯೇ. ಆದರೆ ಆ ಮಕ್ಕಳಿಗೆ ಪರೇಡ್ ಮಾಡಿಸಲೂ ಸ್ಟೇಷನ್‌ನ ಆಳೇ ಹೋಗಬೇಕಲ್ವಾ?

ಪೆಟ್ಟು ಬೀಳುವುದು ಹುಡುಗನ ಹಿನ್ನೆಲೆಯ ಆ ವರದಿಗೆ. ಮನೆಗೆ ಹೋಗಬೇಕು, ಶಾಲೆಗೆ ಹೋಗಬೇಕು, ಹುಡುಗ ಯಾರ ಜೊತೆ ತಿರುಗುತ್ತಾನೆ ಅಂತ ಕೇಳಬೇಕು. ಸರಿಯಾಗಿ ಮಾಡಿದರೆ ಅರ್ಧ ದಿನದ ಕೆಲಸ. ಪುರುಸೊತ್ತಿಲ್ಲದವರು ಹಳೆಯ ವರದಿಯಲ್ಲಿ ಹೆಸರು ಬದಲಿಸಿ ಕಳಿಸುತ್ತಾರೆ. ಹುಡುಗನ ಬಗ್ಗೆ ಬೇರೆಯಾಗಿ ವಿಚಾರಿಸುವ ಪ್ರೊಬೇಷನ್ ಅಧಿಕಾರಿಯ ವರದಿ ಆಮೇಲೆ ಬರುತ್ತದೆ, ನಿಜ. ಆದರೆ ಮೊದಲ ದಿನ ಮಂಡಳಿಯ ಕೈಯಲ್ಲಿರುವುದು ಪೊಲೀಸರ ಕಾಗದ. ಬುದ್ಧಿಮಾತು ಹೇಳಿ ಕಳಿಸಬಹುದಾದ ಹುಡುಗನೂ ಸುಮ್ನೆ ಹಿಯರಿಂಗ್‌ಗೆ ಅಲೆಯುತ್ತಾನೆ. ಮೇಲಿನವರು ಮೀಟಿಂಗಿನಲ್ಲಿ ಎಷ್ಟು ಕೇಸು ಹಿಡಿದಿರಿ ಅಂತ ಕೇಳುತ್ತಾರೆಯೇ ಹೊರತು, ಎಷ್ಟು ಹುಡುಗರು ಮತ್ತೆ ಸ್ಟೇಷನ್ ಮೆಟ್ಟಿಲು ಹತ್ತಲಿಲ್ಲ ಅಂತ ಕೇಳಿದ್ದನ್ನು ನಾನು ಕಂಡಿಲ್ಲ.

ಪ್ರಶ್ನೆ (ಅದೇ ಸದಸ್ಯರು): ಅಧಿಕಾರಿಗೆ ಕನ್ನಡ ಬರುವುದಿಲ್ಲ. ನಮ್ಮ ಅಕ್ಕನಿಗೆ ಮಲಯಾಳ ಅಷ್ಟಕ್ಕಷ್ಟೇ. ಏನು ಮಾಡುವುದು?

ಉತ್ತರ: ಕಾಯಬೇಡಿ. ಮನೆ ಪರಿಸ್ಥಿತಿ, ಓದು, ಇದು ಹೇಗಾಯಿತು, ಎಲ್ಲವನ್ನೂ ಕನ್ನಡದಲ್ಲೇ ಒಂದು ಪುಟ ಬರೆದು ಕೊಡಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಂತೆ ಇಲ್ಲಿನ ಕನ್ನಡಿಗರು ಸ್ಥಳೀಯ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು. ಹೆಡ್‌ಮಾಸ್ತರರ ಪತ್ರವನ್ನೂ ಸೇರಿಸಿ. ಎರಡೂ ಭಾಷೆ ಬಲ್ಲ ಮಾಸ್ತರರು ಯಾರಾದರೂ ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಕೆಲಸ ಹಗುರವಾದರೆ ಅಧಿಕಾರಿಗೂ ಖುಷಿಯೇ. ವರದಿ ಕಳಿಸುವ ಮೊದಲು ಓದಿ ಹೇಳಿ ಅಂತ ಕೇಳಿಕೊಳ್ಳಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ.

ಪ್ರಶ್ನೆ (ಕುಂಬಳೆಯ ಇನ್ನೊಬ್ಬರು): ಇಂಥದ್ದು ಎಷ್ಟು ದಿನ ಎಳೆಯಬಹುದು ಸರ್? ಮುಂದೆ ಗಲ್ಫಿಗೆ ಹೋಗುವುದಿದ್ದರೆ ತೊಂದರೆಯಾ?

ಉತ್ತರ: ಮಂಡಳಿ ಮುಂದೆ ಮೊದಲು ಹಾಜರಾದ ದಿನದಿಂದ 4 ತಿಂಗಳು, ಬೇಕಾದರೆ ಇನ್ನು 2 ತಿಂಗಳು. ಅಷ್ಟರಲ್ಲಿ ಮುಗಿಯದಿದ್ದರೆ ಸಣ್ಣ ಅಪರಾಧದ ವಿಚಾರಣೆ ಅಲ್ಲಿಗೇ ಕೊನೆ. ತಪ್ಪು ಮಾಡಿದ್ದಾನೆ ಅಂತಲೇ ತೀರ್ಮಾನವಾದರೂ ಬಾಲ ನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಇಂಥ ಹುಡುಗನಿಗೆ ಅದರಿಂದ ಅನರ್ಹತೆ ಬರುವುದಿಲ್ಲ. ಹಾಂ, ಹುಡುಗನ ಹೆಸರು, ಶಾಲೆ, ಫೋಟೋ ಯಾವುದನ್ನೂ ಈ ಗುಂಪಿನಲ್ಲಿ ಹಾಕಬೇಡಿ. 74ನೇ ಸೆಕ್ಷನ್ ಪ್ರಕಾರ ಅದೇ ಒಂದು ಅಪರಾಧ.